ಎಚ್‌.ಎಫ್. ರಕ್ತ ಏರಿಸಿದಷ್ಟೂ ಹಾಲು ಏರುತ್ತದೆಯೇ?

ಪ್ರಶ್ನೆ: ಮನೆಯಲ್ಲಿ ಎರಡು ಜವಾರಿ ಆಕಳು, ಒಂದು ದೇವಣಿ, ಒಂದು ಎಚ್‌.ಎಫ್. (ಹೋಲ್‌ಸ್ಟೀನ್ ಫ್ರೀಜಿಯನ್ ಎಂಬ ವಿದೇಶಿ ಹಾಲಿನ ತಳಿ) ಕ್ರಾಸ್ ಇವೆ. ಎಲ್ಲಕ್ಕೂ ಎಚ್‌.ಎಫ್. ಸೂಜಿಯನ್ನೇ (ಕೃತಕ ಗರ್ಭಧಾರಣೆ) ಹಾಕಿಸಿದರೆ ನಡೆಯುತ್ತದೆಯೇ?

ಉತ್ತರ: ಭಾಲ್ಕಿಯಿಂದ ಬರಲಿ, ಆಳಂದದಿಂದ ಬರಲಿ, ಶಹಾಪುರದಿಂದ ಬರಲಿ, ಊರಿನ ಹೆಸರು ಬೇರೆ, ಪ್ರಶ್ನೆ ಅದೇ. ಅದಕ್ಕೇ ಈ ಸಲ ಉತ್ತರ ಮೊದಲು, ವಿವರಣೆ ಆಮೇಲೆ. ಜವಾರಿಗೆ ಜೆರ್ಸಿ. ದೇವಣಿಗೆ ದೇವಣಿಯೇ. ಎಚ್‌.ಎಫ್. ಕ್ರಾಸ್‌ಗೆ ಮತ್ತೆ ಎಚ್‌.ಎಫ್. ಬೇಡ. ಇಷ್ಟನ್ನು ದನದ ಕೊಟ್ಟಿಗೆಯ ಬಾಗಿಲ ಮೇಲೆ ಬರೆದಿಟ್ಟುಕೊಂಡರೂ ಸಾಕು.

ಜವಾರಿ ಆಕಳ ತೂಕ 200–250 ಕೆ.ಜಿ. ಅದರ ಹೊಟ್ಟೆಯಲ್ಲಿ ಎಚ್‌.ಎಫ್. ಹೋರಿಯ ಕರು ಬೆಳೆದರೆ ಈಯುವಾಗ ಸಿಕ್ಕಿಕೊಳ್ಳುವ ಭಯ ಇದ್ದೇ ಇದೆ; ಮೊದಲ ಸಲ ಈಯುವ ಮಣಕಕ್ಕಂತೂ ಹೆಚ್ಚು. ಜೆರ್ಸಿ ಕರು ಸಣ್ಣದು, ಹಾಲಿನ ಫ್ಯಾಟೂ ಹೆಚ್ಚು. ಡೇರಿಯಲ್ಲಿ ದರ ಕಟ್ಟುವುದು ಫ್ಯಾಟ್ ಮತ್ತು ಎಸ್‌.ಎನ್‌.ಎಫ್. (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ನೋಡಿ ಎಂಬುದು ನಿಮಗೆ ಹೇಳಬೇಕಾಗಿಲ್ಲ.

ದೇವಣಿಯ ಮಾತು ಬೇರೆ. ಲಾತೂರ ಜಿಲ್ಲೆಯ ದೇವಣಿ ತಾಲ್ಲೂಕಿನಿಂದ ಹೆಸರು ಬಂದರೂ ಬೀದರ ಕೂಡ ಈ ತಳಿಯ ತವರೇ. ವನ್ನೇರಾ, ಬಾಳಂಕ್ಯಾ, ಶೇವೆರಾ ಎಂದು ಬಣ್ಣದ ಮೇಲೆ ಮೂರು ಬಗೆ. ಬಿಳಿ ಮೈ, ಕರಿ ಮುಖದ್ದು ವನ್ನೇರಾ. ಹಾಲೂ ಕೊಟ್ಟು ಎತ್ತನ್ನೂ ಕೊಡುವ ತಳಿ ನಮ್ಮ ಕಡೆ ಇದೊಂದೇ ಗಟ್ಟಿಯಾಗಿ ನಿಂತಿರುವುದು. ದಿನಕ್ಕೆ ನಾಲ್ಕೈದು ಲೀಟರ್ ಕೊಡುವ ದೇವಣಿಗೆ ಎಚ್‌.ಎಫ್. ಹಾಕಿಸಿದಿರೋ, ಮುಂದಿನ ದೇವಣಿ ಮಣಕವೂ ಹೋಯಿತು, ಬೆಲೆ ಬಾಳುವ ಹೋರಿಕರುವೂ ಹೋಯಿತು.

ಇನ್ನು ಎಲ್ಲರನ್ನೂ ಹಿಡಿದುಕೊಂಡಿರುವ ಆ ಲೆಕ್ಕಕ್ಕೆ ಬರೋಣ. ರಕ್ತ ಅಂದರೆ ಇಲ್ಲಿ ಆಕಳಲ್ಲಿರುವ ವಿದೇಶಿ ತಳಿಯ ಪಾಲು, ನೂರಕ್ಕೆ ಇಷ್ಟು ಎಂದು. "50 ರಕ್ತದ ಆಕಳು 10 ಲೀಟರ್ ಕೊಟ್ಟಿತು, ಅಂದಮೇಲೆ 75ರದ್ದು 15 ಕೊಡಬೇಕು, 87ರದ್ದು ಇನ್ನೂ ಮೇಲೆ." ಎಷ್ಟು ಸಲ ಅಳಿಸಿದರೂ ಮತ್ತೆ ಮೂಡುವ ಲೆಕ್ಕ ಇದು. ಹಾಲಿಗೆ ನೀರು ಬೆರೆಸಿದಂತೆ ರಕ್ತ ಬೆರೆಯುವುದಿಲ್ಲ.

ಹೈಬ್ರಿಡ್ ಜೋಳ ಬಿತ್ತಿದವರಿಗೆ ಇದನ್ನು ತಿಳಿಸುವುದು ಕಷ್ಟವಾಗಬಾರದು. ಚೀಲದಲ್ಲಿ ತಂದ ಬೀಜ ಮೊದಲ ವರ್ಷ ತೆನೆ ತುಂಬಿ ಬರುತ್ತದೆ. ಅದೇ ಕಾಳನ್ನು ಮರುವರ್ಷ ಬಿತ್ತಿದರೆ ಒಂದು ದಂಟು ಎತ್ತರ, ಒಂದು ಗಿಡ್ಡ, ತೆನೆ ಅಷ್ಟಕ್ಕಷ್ಟೆ. ಹೊಲದಲ್ಲಿ ಒಪ್ಪುವ ಈ ಮಾತನ್ನು ಕೊಟ್ಟಿಗೆಯಲ್ಲಿ ಯಾಕೆ ಒಪ್ಪುವುದಿಲ್ಲವೋ! ಜವಾರಿ ಆಕಳಿಗೆ ಎಚ್‌.ಎಫ್. ಹಾಕಿದಾಗ ಹುಟ್ಟುವ ಕರುವಿನಲ್ಲಿ ಪ್ರತಿ ಜೋಡಿ ವಂಶವಾಹಿಯಲ್ಲೂ ಒಂದು ತಾಯಿಯ ಕಡೆಯದು, ಒಂದು ತಂದೆಯ ಕಡೆಯದು. ಮಿಶ್ರತಳಿಯ ಕಸುವು ಪೂರ್ತಿ ಸಿಗುವುದು ಈ ಮೊದಲ ಪೀಳಿಗೆಗೆ ಮಾತ್ರ. ಅದಕ್ಕೆ ಮತ್ತೆ ಎಚ್‌.ಎಫ್. ಹಾಕಿದರೆ ಅರ್ಧದಷ್ಟು ಜೋಡಿಗಳು ಎರಡೂ ಕಡೆಯಿಂದ ಎಚ್‌.ಎಫ್. ಆಗಿಬಿಡುತ್ತವೆ, ಕಸುವು ಅರ್ಧಕ್ಕೆ ಇಳಿಯುತ್ತದೆ. ಮೂರನೇ ಸಲ ಹಾಕಿದರೆ ಕಾಲುಭಾಗಕ್ಕೆ. ಹಾಲಿನ ಗುಣ ಏರಿದ್ದು ನಿಜವೇ. ಆದರೆ ಬಿಸಿಲು ತಾಳುವ, ಉಣ್ಣೆಹುಳದ ಕಾಟ ತಾಳುವ, ಕಣಕಿ (ಜೋಳದ ಒಣ ದಂಟು) ತಿಂದು ಅರಗಿಸಿಕೊಳ್ಳುವ ಗುಣಗಳು ಜೊತೆಜೊತೆಗೇ ಇಳಿದಿರುತ್ತವೆ.

ನಂಬಿಕೆ ಬರದಿದ್ದರೆ ಮೇ ತಿಂಗಳಲ್ಲಿ, ಪಾದರಸ 42 ದಾಟಿದ ದಿನ, ಮಧ್ಯಾಹ್ನ 3 ಗಂಟೆಗೆ ಕೊಟ್ಟಿಗೆಗೆ ಹೋಗಿ. ಮಲಗಿದ ಆಕಳ ಪಕ್ಕೆ 15 ಸೆಕೆಂಡಿನಲ್ಲಿ ಎಷ್ಟು ಸಲ ಆಡುತ್ತದೆ ಎಣಿಸಿ ನಾಲ್ಕರಿಂದ ಗುಣಿಸಿ. ನಿಮಿಷಕ್ಕೆ 40ರ ಒಳಗಿದ್ದರೆ ಆರಾಮ. 60 ದಾಟಿದರೆ ಸಂಕಟ ಶುರು. 80 ದಾಟಿ, ಬಾಯಿ ತೆರೆದು ಜೊಲ್ಲು ಸುರಿಸುತ್ತಿದ್ದರೆ ಅದು ಆ ದಿನ ಹಿಂಡಿ ಮೂಸಿಯೂ ನೋಡುವುದಿಲ್ಲ. ಮೇವು ಬಿಟ್ಟ ಆಕಳು ಸಂಜೆ ಹಾಲು ಇಳಿಸುತ್ತದೆ, ಬೆದೆ ತೋರಿಸುವುದಿಲ್ಲ, ತೋರಿಸಿದರೂ ಗಬ್ಬ ನಿಲ್ಲುವುದು ಕಷ್ಟ. ಪಕ್ಕದಲ್ಲೇ ಕಟ್ಟಿದ ಜವಾರಿ ಮೆಲುಕು ಹಾಕುತ್ತಾ ಕೂತಿರುತ್ತದೆ.

ಮೇವಿನ ಲೆಕ್ಕವನ್ನೂ ಹಾಕಿ. 450 ಕೆ.ಜಿ. ತೂಗುವ, 15 ಲೀಟರ್ ಹಿಂಡುವ ಆಕಳಿಗೆ ಮೈಗೆ 2 ಕೆ.ಜಿ., ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕೆ.ಜಿ.ಯಂತೆ 6, ಒಟ್ಟು 8 ಕೆ.ಜಿ. ಪಶು ಆಹಾರ ಬೇಕು. ಜೊತೆಗೆ 20 ಕೆ.ಜಿ. ಹಸಿ ಮೇವು, 4 ಕೆ.ಜಿ. ಕಣಕಿ. ಬೋರ್‌ವೆಲ್ ಬತ್ತಿದ ಏಪ್ರಿಲ್‌ನಲ್ಲಿ ದಿನಾ 20 ಕೆ.ಜಿ. ಹಸಿ ಮೇವು ಎಲ್ಲಿಂದ ತರುತ್ತೀರಿ? ತೊಗರಿ ಹೊಟ್ಟು, ಕಣಕಿ ಎರಡರಲ್ಲೇ ನಡೆಸಿದರೆ ಆಕಳು ಮೈ ಕರಗಿಸಿ ಹಾಲು ಕೊಡುತ್ತದೆ, ಬೆನ್ನೆಲುಬು ಕಾಣುತ್ತದೆ, ತಿಂಗಳುಗಟ್ಟಲೆ ಬೆದೆಗೆ ಬರುವುದಿಲ್ಲ. ಉದಾಹರಣೆಗೆ, ಒಂದು ಸೂಲಿಗೆ 3000 ಲೀಟರ್ ಕೊಟ್ಟು 20 ತಿಂಗಳಿಗೊಮ್ಮೆ ಈಯುವ ಆಕಳು ತಿಂಗಳಿಗೆ ಕೊಟ್ಟದ್ದು 150 ಲೀಟರ್. 2400 ಕೊಟ್ಟು 14 ತಿಂಗಳಿಗೇ ಈಯುವ 50ರ ಆಕಳು ಕೊಟ್ಟದ್ದು 171. ಕ್ಯಾನು ತುಂಬಿದ ದಿನ ಎಲ್ಲರಿಗೂ ನೆನಪಿರುತ್ತದೆ, ಬತ್ತಿದ ತಿಂಗಳುಗಳನ್ನು ಯಾರೂ ಎಣಿಸುವುದಿಲ್ಲ.

ಉಣ್ಣೆ ಇನ್ನೊಂದು ಪೆಟ್ಟು. ಗೋಡೆಯ ಬಿರುಕಿನಲ್ಲಿ ಅಡಗುವ ಉಣ್ಣೆಯಿಂದ ಥೈಲೇರಿಯಾ ಎಂಬ ರಕ್ತದ ರೋಗ ಬರುತ್ತದೆ. ದೇವಣಿ, ಜವಾರಿ ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ರಕ್ತ ಏರಿದ ಆಕಳಿಗೆ 105–106 ಡಿಗ್ರಿ ಜ್ವರ, ಭುಜದ ಮುಂದೆ ನಿಂಬೆಹಣ್ಣಿನಂಥ ಗಡ್ಡೆ. ಆಗ ಮನೆಮದ್ದು ಮಾಡುತ್ತಾ ಕೂರದೆ ಅದೇ ದಿನ ಡಾಕ್ಟರನ್ನು ಕರೆಯಿಸಿ.

ಹಾಗಾದರೆ ಕ್ರಾಸ್ ಆಕಳಿಗೆ ಏನು ಹಾಕಿಸಬೇಕು? ಅದು 50ರದ್ದಾಗಿದ್ದರೆ 50ರ ಮಿಶ್ರತಳಿ ಹೋರಿಯ ವೀರ್ಯ ಕಡ್ಡಿ (ವೀರ್ಯ ತುಂಬಿದ ಸಣ್ಣ ಕೊಳವೆ) ಕೇಳಿ, ಕರುವೂ 50ರಲ್ಲೇ ನಿಲ್ಲುತ್ತದೆ. ಇಲ್ಲೂ ಮೊದಲ ಪೀಳಿಗೆಯ ಕಸುವಿನಲ್ಲಿ ಅರ್ಧ ಹೋಗುತ್ತದೆ, ಮುಚ್ಚಿಡುವುದೇಕೆ. ಆದರೆ ಬಿಸಿಲು ತಾಳುವ ಪಾಲು ಉಳಿಯುತ್ತದೆ. ಈಗಾಗಲೇ 75 ಆಗಿಬಿಟ್ಟಿದ್ದರೆ ಅದೇ 50ರ ಕಡ್ಡಿ ಹಾಕಿಸಿ, ಕರು 62.5ಕ್ಕೆ ಇಳಿಯುತ್ತದೆ. ವರ್ಷಪೂರ್ತಿ ನೀರು, ಹಸಿ ಮೇವು, ಎತ್ತರದ ಶೆಡ್ಡು, ಫ್ಯಾನು ಇರುವವರು 62.5ರವರೆಗೆ ಸಾಕಬಹುದು. ಅದರಾಚೆ ಹೋಗಬೇಡಿ.

ಸೂಜಿ ಹಾಕಿದ ಮೇಲೆ ಖಾಲಿ ಕಡ್ಡಿಯನ್ನು ಎಸೆಯಲು ಬಿಡದೆ ಇಸಿದುಕೊಳ್ಳಿ. ಅದರ ಮೇಲೆ ತಳಿ, ಹೋರಿಯ ನಂಬರ್ ಅಚ್ಚಾಗಿರುತ್ತದೆ. ನೋಟ್‌ಬುಕ್ಕಿಗೆ ಅಂಟಿಸಿ, ಎದುರಿಗೆ ಆಕಳ ಹೆಸರು, ತಾರೀಕು ಬರೆಯಿರಿ. ಈ ಪುಸ್ತಕ ಇಲ್ಲದ ಮನೆಯಲ್ಲಿ ಮೂರು ವರ್ಷದ ನಂತರ ಮಗಳಿಗೆ ಅಪ್ಪನದೇ ಕಡ್ಡಿ ಬೀಳುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎಂಬ ನಿಯಮ ಎಲ್ಲರಿಗೂ ಗೊತ್ತು; ಪಾಲಿಸುವವರು ಕಡಿಮೆ.

ಯಾರೂ ಕೇಳದ ಒಂದು ಪ್ರಶ್ನೆ ಉಳಿಯಿತು: ಹೋರಿಕರು ಹುಟ್ಟಿದರೆ? ಹೊರದೇಶದಲ್ಲಿ ಹಾಲು ಕಡಿಮೆ ಇರುವ ಆಕಳುಗಳಿಗೆ ಆಂಗಸ್‌ನಂಥ ಮಾಂಸದ ತಳಿಯ ಹೋರಿ ಕೊಟ್ಟು, ಹುಟ್ಟಿದ ಕರುಗಳನ್ನೆಲ್ಲ ಮಾಂಸಕ್ಕೆ ಮಾರಿಬಿಡುತ್ತಾರೆ. ಮೊಬೈಲಿನಲ್ಲಿ ಅದನ್ನು ನೋಡಿ ಇಲ್ಲಿ ಕನಸು ಕಾಣಬೇಡಿ. ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಆ ದಾರಿ ನಮಗಿಲ್ಲ. ಹೆಣ್ಣುಕರುವೇ ಬೇಕೆಂದರೆ ಲಿಂಗ ನಿರ್ಧರಿತ ವೀರ್ಯದ ಕಡ್ಡಿ ಇದೆ, ನೂರಕ್ಕೆ 90ರಷ್ಟು ಹೆಣ್ಣು. ಆದರೆ ಸಾಮಾನ್ಯ ಕಡ್ಡಿಯಲ್ಲಿ 2 ಕೋಟಿ ವೀರ್ಯಾಣು ಇದ್ದರೆ ಅದರಲ್ಲಿ ಇರುವುದು ಸುಮಾರು 20 ಲಕ್ಷ. ಬೆದೆ ಸರಿಯಾಗಿ ತೋರಿಸುವ ಮಣಕಕ್ಕೆ ಹಾಕಿಸಿ, ಗಬ್ಬ ನಿಲ್ಲದೆ ಎರಡು ಸಲ ತಿರುಗಿ ಬೆದೆಗೆ ಬಂದ ಆಕಳಿಗೆ ಹಾಕಿಸಿ ದುಡ್ಡು ಕಳೆಯಬೇಡಿ.

ಹೋರಿಕರು ಹುಟ್ಟೇಬಿಟ್ಟರೆ ಅದಕ್ಕೂ ಎರಡು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಿ. ವರ್ಷ ತುಂಬುವ ಮೊದಲೇ ಬೀಜ ಒಡೆಸಿ, ಇಲ್ಲದಿದ್ದರೆ ತಾಯಿ, ತಂಗಿಯನ್ನೇ ಹತ್ತಿ ನಿಮ್ಮ ನೋಟ್‌ಬುಕ್ಕನ್ನೆಲ್ಲ ಕೆಡಿಸುತ್ತದೆ. ಕ್ರಾಸ್ ಎತ್ತು ನೊಗಕ್ಕೆ ಬರುವುದಿಲ್ಲ ಎಂಬುದೂ ಸುಳ್ಳೇ. ಡುಬ್ಬ ಸಣ್ಣದಾದ್ದರಿಂದ ನೊಗ ಜಾರಿ ಹೆಗಲು ಉಜ್ಜುತ್ತದೆ, ನೊಗದ ಅಡಿಗೆ ಗೋಣಿತಟ್ಟಿನ ದಪ್ಪ ಪಟ್ಟಿ ಸುತ್ತಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ 6ಕ್ಕೆ ಹೂಡಿ 10ರೊಳಗೆ ಬಿಚ್ಚಿಬಿಡಿ.