ಮೊಮ್ಮಗನ ಬೊಜ್ಜು ಕರಗಿಸಲು ಹೊರಟ ರಾಣಿ ತೋದಾ

939ನೇ ಇಸವಿ, ಜುಲೈ 19, ಶುಕ್ರವಾರ. ಇಂದಿನ ಸ್ವಿಟ್ಜರ್ಲೆಂಡಿನಲ್ಲಿರುವ ಸೇಂಟ್ ಗಾಲ್ ಮಠದ ದಾಖಲೆಯಲ್ಲಿ ಆ ದಿನದ ಬಗ್ಗೆ ಎರಡು ಸಂಗತಿಗಳಿವೆ. ಒಂದು, ಬೆಳಗಿನ ಹೊತ್ತಿನಲ್ಲಿ ಸೂರ್ಯಗ್ರಹಣ ಆಯಿತು. ಇನ್ನೊಂದು, ಅದೇ ದಿನ ದೂರದ ಸ್ಪೇನಿನಲ್ಲಿ ತೋಯಾ ಎಂಬ ರಾಣಿ ಮುಸ್ಲಿಂ ದೊರೆಯ ದೊಡ್ಡ ಸೈನ್ಯವನ್ನು ನಾಶ ಮಾಡಿದಳು.

ಗ್ರಹಣದ ಮಾತು ಸರಿ. ಸೂರ್ಯ, ಚಂದ್ರರ ಚಲನೆಯನ್ನು ಹಿಂದಕ್ಕೆ ಲೆಕ್ಕ ಹಾಕಿದರೆ ಸಾವಿರ ವರ್ಷ ಹಿಂದಿನ ಗ್ರಹಣವೂ ನಿಖರವಾಗಿ ಸಿಗುತ್ತದೆ. ಯುದ್ಧದ ತಾರೀಖು ಮಾತ್ರ ತಪ್ಪು. ಸಿಮಾಂಕಾಸ್ ಎಂಬ ಊರಿನ ಬಳಿ ಆ ಕಾಳಗ ನಡೆದದ್ದು ಆಗಸ್ಟಿನಲ್ಲಿ. ಸುದ್ದಿ ಅಷ್ಟು ದೂರ ಹೋಗುವಷ್ಟರಲ್ಲಿ ಗ್ರಹಣವೂ ಗೆಲುವೂ ಒಂದೇ ದಿನಕ್ಕೆ ಸೇರಿಬಿಟ್ಟವು. ಗೆದ್ದ ಸೈನ್ಯದ ಮುಂದಾಳು, ಸ್ಪೇನಿನ ಉತ್ತರದ ಕ್ರೈಸ್ತ ರಾಜ್ಯ ಲಿಯೋನಿನ ದೊರೆ ಎರಡನೇ ರಮೀರೋ. ಆದರೂ ಮಠದವರ ಕಿವಿಗೆ ಬಿದ್ದ ಹೆಸರು ರಾಣಿಯದು. ನನಗೆ ತುಂಬಾ ಇಷ್ಟವಾದ ವಿಷಯ ಇದು.

ಆಕೆಯೇ ಪಾಂಪ್ಲೋನಾದ ರಾಣಿ ತೋದಾ. ಸ್ಪೇನಿನ ಉತ್ತರದ ಬೆಟ್ಟಸೀಮೆಯ ಪುಟ್ಟ ರಾಜ್ಯ ಅದು, ಮುಂದೆ ನವಾರಾ ಎಂದು ಹೆಸರಾಯಿತು. ಗಂಡ ಒಂದನೇ ಸಾಂಚೋ 925ರಲ್ಲಿ ತೀರಿಕೊಂಡಾಗ ಮಗ ಗಾರ್ಸಿಯಾ ಇನ್ನೂ ಚಿಕ್ಕವನು. ಮೊದಲು ಮೈದುನ ಆಳಿದ. ಅವನೂ ಹೋದ ಮೇಲೆ, 931ರಿಂದ, ಮಗನ ಹೆಸರಿನಲ್ಲಿ ತೋದಾ ಅಧಿಕಾರ ಹಿಡಿದಳು. ಹೆಣ್ಣುಮಕ್ಕಳನ್ನು ಸುತ್ತಲಿನ ದೊರೆಗಳಿಗೆ ಕೊಟ್ಟು ಮದುವೆ ಮಾಡಿದಳು. ಲಿಯೋನಿನ ಮೂವರು ದೊರೆಗಳು ಆಕೆಗೆ ಅಳಿಯಂದಿರು. ರಮೀರೋ ಕೂಡ ಅವರಲ್ಲೊಬ್ಬ.

ಸಿಮಾಂಕಾಸ್‌ನಲ್ಲಿ ಸೋತ, ದಕ್ಷಿಣ ಸ್ಪೇನಿನ ಕಾರ್ಡೊಬಾದ ಖಲೀಫ ಮೂರನೇ ಅಬ್ದ್ ಅಲ್ ರಹಮಾನ್ ಕೂಡ ಹೊರಗಿನವನಲ್ಲ. ತೋದಾಳ ತಾಯಿ ಒನೇಕಾ, ಪಾಂಪ್ಲೋನಾಕ್ಕೆ ಬರುವ ಮೊದಲು ಕಾರ್ಡೊಬಾದಲ್ಲಿದ್ದಳು. ಅಲ್ಲಿನ ರಾಜಕುಮಾರ ಅಬ್ದುಲ್ಲಾನಿಂದ ಅವಳಿಗೊಬ್ಬ ಮಗನಿದ್ದ. ಆ ಮಗನ ಮಗನೇ ಈ ಖಲೀಫ. ಅಂದರೆ ತೋದಾ ಅವನಿಗೆ ಸೋದರತ್ತೆ. ಅವಳಿಗೂ ಖಲೀಫನ ತಂದೆಗೂ ತಾಯಿ ಒಬ್ಬಳೇ, ತಂದೆ ಬೇರೆಯಾದ್ದರಿಂದ ತೋದಾ, ಖಲೀಫ ಇಬ್ಬರಲ್ಲೂ ಸರಾಸರಿ ಎಂಟನೇ ಒಂದು ಪಾಲು ಜೀನು ಒಂದೇ. ಖಲೀಫನಿಗೆ ನೀಲಿ ಕಣ್ಣು, ಕೆಂಚು ಕೂದಲು ಇತ್ತು ಎಂದು ಅರಬ್ಬಿ ಬರಹಗಾರರೇ ಹೇಳುತ್ತಾರೆ. ನೀಲಿ ಕಣ್ಣು ಬರಬೇಕಾದರೆ ಸಾಮಾನ್ಯವಾಗಿ ತಂದೆ, ತಾಯಿ ಇಬ್ಬರ ಕಡೆಯಿಂದಲೂ ಆ ಗುಣ ಬರಬೇಕು. ಅವನ ತಾಯಿಯೂ ಉತ್ತರದ ಕ್ರೈಸ್ತ ಮೂಲದವಳು, ತಂದೆಯ ತಾಯಿ ಒನೇಕಾ. ಲೆಕ್ಕ ಹೊಂದುತ್ತದೆ ಅಲ್ವಾ?

ಈ ಸಂಬಂಧ ತೋದಾಳಿಗೆ ಕೆಲಸಕ್ಕೆ ಬಂದದ್ದು 958ರಲ್ಲಿ. ಆಗ ಆಕೆಗೆ ಎಪ್ಪತ್ತು ದಾಟಿತ್ತು. ಮಗಳು ಉರ್ರಾಕಾಳ ಮಗ ಸಾಂಚೋ ಎರಡು ವರ್ಷ ಹಿಂದಷ್ಟೇ ಲಿಯೋನಿನ ದೊರೆಯಾಗಿದ್ದ. ವಿಪರೀತ ದಪ್ಪ. ಕುದುರೆ ಹತ್ತಲೂ ಆಗುತ್ತಿರಲಿಲ್ಲ ಎನ್ನುತ್ತಾರೆ. ಕುದುರೆ ಹತ್ತದ ದೊರೆ ಯುದ್ಧಕ್ಕೆ ಹೋಗಲಾರ. ಅವನದೇ ಸೈನ್ಯದವರು ಒಳಸಂಚು ಮಾಡಿ ಅವನನ್ನು ಇಳಿಸಿದರು. ಅಳುತ್ತಾ ಬಂದವನಿಗೆ ಅಜ್ಜಿ ಸುಮ್ನೆ ಸಮಾಧಾನ ಹೇಳಿ ಕೂರಿಸಬಹುದಿತ್ತು. ಆಕೆ ಹಳೆಯ ಶತ್ರುವಾದ ಖಲೀಫನಿಗೆ ಹೇಳಿ ಕಳಿಸಿದಳು: ನಿಮ್ಮಲ್ಲಿ ಒಳ್ಳೆಯ ವೈದ್ಯರಿದ್ದಾರೆ, ಮೊಮ್ಮಗನಿಗೆ ಚಿಕಿತ್ಸೆ ಕೊಡಿಸಿ.

ಖಲೀಫ ಕಳಿಸಿದ್ದು ಹಸ್ದಾಯ್ ಇಬ್ನ್ ಶಪ್ರುತ್ ಎಂಬ ಯಹೂದಿ ವೈದ್ಯನನ್ನು. ಅವನು ರಾಯಭಾರಿಯೂ ಹೌದು. ಇವನ ಗಿಡಮೂಲಿಕೆ ಜ್ಞಾನದ ಹಿಂದೆ ಒಂದು ಸೊಗಸಾದ ಕಥೆಯಿದೆ. ಕೆಲವು ವರ್ಷ ಮೊದಲು ಬೈಜಾಂಟಿಯಮ್ ಚಕ್ರವರ್ತಿ ಕಾರ್ಡೊಬಾಕ್ಕೆ ಪ್ರಾಚೀನ ಗ್ರೀಕ್ ವೈದ್ಯ ಡಿಯೋಸ್ಕೋರಿಡಿಸ್‌ನ ಔಷಧ ಗ್ರಂಥದ ಒಂದು ಸಚಿತ್ರ ಪ್ರತಿಯನ್ನು ಉಡುಗೊರೆ ಕೊಟ್ಟಿದ್ದ. ಅದು ಗ್ರೀಕ್ ಭಾಷೆಯಲ್ಲಿತ್ತು. ಊರಿನಲ್ಲಿ ಓದಬಲ್ಲವರೇ ಇರಲಿಲ್ಲ. ಅರಬ್ಬಿಯಲ್ಲಿ ಹಳೆಯ ಅನುವಾದವೊಂದು ಇತ್ತು, ಆದರೆ ಅದರಲ್ಲಿ ಎಷ್ಟೋ ಗಿಡಗಳ ಹೆಸರು ಗ್ರೀಕಿನಲ್ಲೇ ಉಳಿದಿತ್ತು. ಹೆಸರು ಗೊತ್ತು, ಗಿಡ ಯಾವುದೆಂದು ಗೊತ್ತಿಲ್ಲ. ಔಷಧದಲ್ಲಿ ಇದು ಪ್ರಾಣಕ್ಕೇ ಅಪಾಯ. 951ರ ಸುಮಾರಿಗೆ ನಿಕೋಲಸ್ ಎಂಬ ಸನ್ಯಾಸಿ ಕಾನ್‌ಸ್ಟಾಂಟಿನೋಪಲ್‌ನಿಂದ ಬಂದ. ಅವನು, ಹಸ್ದಾಯ್, ಅಲ್ಲಿನ ಮುಸ್ಲಿಂ ವೈದ್ಯರು ಎಲ್ಲರೂ ಕೂತು ಒಂದೊಂದೇ ಗಿಡವನ್ನು ಗುರುತಿಸಿದರು.

ಅಂಥ ವೈದ್ಯ ಪಾಂಪ್ಲೋನಾಕ್ಕೆ ಬಂದು ರೋಗಿಯನ್ನು ನೋಡಿದ. ಚಿಕಿತ್ಸೆ ಆಗಬೇಕಾದರೆ ನೀವೇ ಕಾರ್ಡೊಬಾಕ್ಕೆ ಬರಬೇಕು ಎಂದು ಒಪ್ಪಿಸಿದ. ಕೆಲಸ ಆದರೆ ಹತ್ತು ಕೋಟೆ ಕೊಡಬೇಕೆಂಬ ಷರತ್ತೂ ಇತ್ತು. ಇಂದಿನ ರಸ್ತೆಯಲ್ಲಿ ಸುಮಾರು 800 ಕಿಲೋಮೀಟರ್ ದೂರ. ಮುದುಕಿ ರಾಣಿ, ಮಗ ಗಾರ್ಸಿಯಾ, ಭಾರದ ಮೊಮ್ಮಗ ಮೂವರೂ ಹೊರಟರು.

ಚಿಕಿತ್ಸೆ ಏನು ಕೊಟ್ಟರು? ಬಾಯಿ ಹೊಲಿದರು, 40 ದಿನ ಬರೀ ಕಷಾಯ ಕುಡಿಸಿದರು ಎಂಬ ಕಥೆಗಳು ಓಡಾಡುತ್ತವೆ. ಇದನ್ನು ನಂಬುವುದು ಕಷ್ಟ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲರಿ ಶಕ್ತಿ ಇರುತ್ತದೆ. ದಿನಕ್ಕೆ 1,000 ಕಿಲೋಕ್ಯಾಲರಿ ಕಡಿಮೆ ತಿಂದರೆ 40 ದಿನದಲ್ಲಿ ಕರಗುವ ಕೊಬ್ಬು ಐದು ಕಿಲೋ ಚಿಲ್ಲರೆ. 30 ಕಿಲೋ ಕರಗಿಸಲು ಏಳೆಂಟು ತಿಂಗಳೇ ಬೇಕು. ಜೊತೆಗೆ ತೂಕ ಇಳಿದಂತೆ ದೇಹ ಖರ್ಚು ಕಡಿಮೆ ಮಾಡುತ್ತದೆ, ಹಸಿವು ಜಾಸ್ತಿಯಾಗುತ್ತದೆ. ಹಸಿವು ಏರಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚುತ್ತದೆ, ಸಾಕು ಎನ್ನುವ ಲೆಪ್ಟಿನ್ ಎಂಬ ಹಾರ್ಮೋನು ಕುಗ್ಗುತ್ತದೆ. ಇದು ಮನಸ್ಸಿನ ದೌರ್ಬಲ್ಯ ಅಲ್ಲ, ದೇಹದ ರಕ್ಷಣೆ. ದಪ್ಪಗಿರುವವರನ್ನು ಸೋಮಾರಿ ಎಂದು ಹಂಗಿಸುವವರು ಇದನ್ನು ತಿಳಿಯಬೇಕು. ಸಾಂಚೋನನ್ನು ಹಂಗಿಸಿದವರಿಗೂ ಇದು ಗೊತ್ತಿರಲಿಲ್ಲ.

ಹಾಗಾಗಿ ಹತ್ತಿರದಲ್ಲೇ ಇದ್ದು ನೋಡಿಕೊಳ್ಳುವ ವೈದ್ಯ, ಬದಲಾದ ಊಟ, ತಿಂಗಳುಗಟ್ಟಲೆ ಸಮಯ, ಇವೇ ಮುಖ್ಯ ಔಷಧ ಆಗಿದ್ದಿರಬೇಕು ಎಂದು ನನ್ನ ಎಣಿಕೆ. ಕಾಲವೂ ಹೊಂದುತ್ತದೆ. ಸಾಂಚೋ ಖಲೀಫನ ಸೈನ್ಯದ ಜೊತೆ ಮರಳಿ ಲಿಯೋನ್ ರಾಜ್ಯದ ಸಮೋರಾ ಊರನ್ನು ಹಿಡಿದದ್ದು 959ರಲ್ಲಿ, ಲಿಯೋನ್ ಮತ್ತೆ ಕೈಗೆ ಬಂದದ್ದು 960ರಲ್ಲಿ.

ಅಸ್ತೋರ್ಗಾದ ಬಿಷಪ್ ಸಂಪೀರೋ ಮುಂದಿನ ಶತಮಾನದಲ್ಲಿ ಈ ಚಿಕಿತ್ಸೆಯ ಬಗ್ಗೆ ಬರೆದದ್ದು ಚುಟುಕಾಗಿ: ಅರಬರು ಒಂದು ಮೂಲಿಕೆ ತಂದು ಅವನ ಹೊಟ್ಟೆಯ ಬೊಜ್ಜು ಇಳಿಸಿದರು. ಅಜ್ಜಿಯ ಬಗ್ಗೆ ಬರೆದವನು ಬೇರೊಬ್ಬ, ಕಾರ್ಡೊಬಾದ ಹೀಬ್ರೂ ಕವಿ ದುನಾಶ್ ಬೆನ್ ಲಬ್ರಾತ್. ಹಸ್ದಾಯ್‌ನನ್ನು ಹೊಗಳುವ ಪದ್ಯದಲ್ಲಿ ಅವನು ತೋದಾಳನ್ನು ದಡ್ಡ ಮುದುಕಿ ಎಂದ. ಹತ್ತು ಕೋಟೆಗಳ ಮಾತು ಅವನ ತಲೆಯಲ್ಲಿತ್ತೇನೋ. ಅದೇ ಸಾಲಿನಲ್ಲಿ, ಗಂಡಸರಂತೆ ರಾಜಪಟ್ಟ ಧರಿಸಿದ್ದವಳು ಎಂದೂ ಬರೆದ.