ಮೀನಿಗೆ ಊಟದ ಹೊತ್ತು, ಪಂಪಿಗೆ ಹತ್ತು ನಿಮಿಷದ ಬಿಡುವು

ಆಹಾರ ಹಾಕಿದ ಕೂಡಲೇ ಅದರಲ್ಲೊಂದು ಪಾಲು ಮೀನಿನ ಬಾಯಿಗೆ ಸಿಗದೆ ಫಿಲ್ಟರಿನ ಸ್ಪಂಜಿಗೆ ಸೇರುವುದನ್ನು ಅಕ್ವೇರಿಯಂ ಇಟ್ಟವರೆಲ್ಲ ಕಂಡಿರುತ್ತಾರೆ. ಆ ಹೊತ್ತಿಗೆ ಪಂಪ್ ಆರಿಸಿ, ಆಮೇಲೆ ಹಾಕಿದರಾಯಿತು; ತೊಂದರೆಯೆಂದರೆ ಹಾಕುವುದು ಮರೆತುಹೋಗುತ್ತದೆ. ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಬಹುಪಾಲು ಫಿಲ್ಟರಿನಲ್ಲೇ ನೆಲೆಸಿರುತ್ತವೆ, ಮತ್ತು ಹರಿದುಬರುವ ನೀರಿನಲ್ಲಿ ಕರಗಿರುವ ಆಮ್ಲಜನಕವೇ ಅವುಗಳ ಉಸಿರು. 30 ಡಿಗ್ರಿ ಸೆಲ್ಸಿಯಸ್‌ನ ನೀರು ಗಾಳಿಯಿಂದ ಪಡೆದು ಹಿಡಿದಿಡಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಮಾತ್ರ. ಪಂಪನ್ನು ನಿಲ್ಲಿಸಲು ಒಂದು ಸ್ವಿಚ್ ಸಾಕು. ಜಾಣತನ ಬೇಕಾಗುವುದು ಅದನ್ನು ತಪ್ಪದೆ ಮತ್ತೆ ಓಡಿಸುವುದಕ್ಕೆ.

ನಿಲ್ಲಿಸುವ ಬದಲು ವೇಗವನ್ನು ತಗ್ಗಿಸಬಾರದೇ ಎಂದುಕೊಂಡು ನಾನೂ ಒಮ್ಮೆ ಫ್ಯಾನ್ ರೆಗ್ಯುಲೇಟರ್ ಜೋಡಿಸಿ ನೋಡಿದ್ದೆ. ಸ್ವಲ್ಪ ತಿರುಗಿಸುವವರೆಗೂ ಏನೂ ಬದಲಾಗಲಿಲ್ಲ. ಇನ್ನಷ್ಟು ತಿರುಗಿಸಿದಾಗ ಪಂಪ್ ಗುಂಯ್‌ಗುಟ್ಟಿ ನಿಂತೇಹೋಯಿತು. 230 ವೋಲ್ಟಿನಲ್ಲಿ ನಡೆಯುವ, ನೀರಿನೊಳಗೆ ಮುಳುಗಿಸಿಡುವ ಸಣ್ಣ ಪಂಪಿನ ರೋಟರ್ ಎರಡು ಧ್ರುವಗಳ ಕಾಯಂ ಅಯಸ್ಕಾಂತ. ಸುರುಳಿಯ ಕಾಂತಕ್ಷೇತ್ರ ಸೆಕೆಂಡಿಗೆ 50 ಬಾರಿ ಅತ್ತಿಂದಿತ್ತ ಹೋಗಿಬಂದಂತೆ ಅದೂ ಹೆಜ್ಜೆ ತಪ್ಪದೆ 50 ಸುತ್ತು, ಅಂದರೆ ನಿಮಿಷಕ್ಕೆ 3000 ಸುತ್ತು, ಸುತ್ತುತ್ತದೆ. ಸೀಲಿಂಗ್ ಫ್ಯಾನಿನ ಇಂಡಕ್ಷನ್ ಮೋಟರಿನಂತೆ ವೋಲ್ಟೇಜ್ ಇಳಿದಷ್ಟೂ ಹಿಂದೆ ಬೀಳುವ ಸ್ವಾತಂತ್ರ್ಯ ಇದಕ್ಕಿಲ್ಲ: ಪೂರ್ತಿ ವೇಗದಲ್ಲಿ ಸುತ್ತಬೇಕು, ಇಲ್ಲವೇ ನಿಲ್ಲಬೇಕು. (ಈ ಜಾತಿಯ ಸರಳ ಮೋಟರ್ ಯಾವ ದಿಕ್ಕಿಗೆ ಹೊರಡುತ್ತದೆ ಎಂಬುದೂ ಖಚಿತವಿಲ್ಲ, ಅದರ ಎಲೆಗಳು ಬಾಗದೆ ನೆಟ್ಟಗಿರುವುದು ಅದಕ್ಕಾಗಿಯೇ.)

ಆದ್ದರಿಂದ ಉಳಿದದ್ದು ಟೈಮರ್. ಹವ್ಯಾಸಿಗಳ ಕೈ ಮೊದಲು ಹೋಗುವುದು 555 ಎಂಬ ಟೈಮರ್ ಚಿಪ್ಪಿನ ಕಡೆಗೆ. ರೆಸಿಸ್ಟರಿನ ಮೂಲಕ ಕೆಪಾಸಿಟರ್ ಒಂದು ಮಟ್ಟಕ್ಕೆ ತುಂಬುವವರೆಗೆ ಅದು ಕಾಯುತ್ತದೆ. ಅದರ ಸೂತ್ರದಂತೆ ಕಾಲಾವಧಿಯು ರೆಸಿಸ್ಟರ್ ಮತ್ತು ಕೆಪಾಸಿಟರ್‌ಗಳ ಗುಣಲಬ್ಧದ 1.1 ಪಟ್ಟು; 1 ಮೆಗಾಓಮ್ ಮತ್ತು 470 ಮೈಕ್ರೋಫ್ಯಾರಡ್ ಹಾಕಿದರೆ 517 ಸೆಕೆಂಡು. ಕಾಗದದ ಮೇಲೆ ಚೆನ್ನಾಗಿದೆ. ಆದರೆ 5 ವೋಲ್ಟಿನಲ್ಲಿ, ಅವಧಿ ಮುಗಿಯುವ ಹೊತ್ತಿಗೆ, ಅಷ್ಟು ದೊಡ್ಡ ರೆಸಿಸ್ಟರಿನ ಮೂಲಕ ಹರಿಯುವ ಪ್ರವಾಹ ಸುಮಾರು 1.7 ಮೈಕ್ರೋಆಂಪಿಯರಿಗೆ ಇಳಿದಿರುತ್ತದೆ. ಅಗ್ಗದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಅಷ್ಟನ್ನು ತಾನೇ ಸೋರಿಸಿಬಿಡಬಲ್ಲದು. ಹಾಗಾದರೆ ತುಂಬಬೇಕಾದ ಮಟ್ಟಕ್ಕೆ ಅದು ಎಂದಿಗೂ ತುಂಬುವುದಿಲ್ಲ, ಪಂಪ್ ಮತ್ತೆ ಓಡುವುದೂ ಇಲ್ಲ.

ಇದಕ್ಕಿಂತ ಸಿಡಿ4060 ಎಂಬ ಎಣಿಕೆಯ ಚಿಪ್ ವಾಸಿ. ಅದು ತನ್ನದೇ ಆಸಿಲೇಟರಿನ (ಒಂದೇ ಲಯದಲ್ಲಿ ಮಿಡಿಯುವ ಮಂಡಲದ) ಮಿಡಿತಗಳನ್ನು ಎಣಿಸುತ್ತದೆ. 330 ಕಿಲೋಓಮ್‌ನ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್‌ನ, ಸೋರಿಕೆಯ ಕಾಟವಿಲ್ಲದ ಪುಟ್ಟ ಪಾಲಿಯೆಸ್ಟರ್ ಕೆಪಾಸಿಟರ್ ಸೇರಿ ಒಂದು ಮಿಡಿತಕ್ಕೆ ಸುಮಾರು 76 ಮಿಲಿಸೆಕೆಂಡು ತೆಗೆದುಕೊಳ್ಳುತ್ತವೆ. ಕೊನೆಯ ಹಂತದ ಔಟ್‌ಪುಟ್ ವೋಲ್ಟೇಜ್ ಮೇಲೇರಲು ಅಂಥ 8192 ಮಿಡಿತಗಳು ಬೇಕು: ಹತ್ತು ನಿಮಿಷಕ್ಕಿಂತ ತುಸು ಹೆಚ್ಚು. ಗುಂಡಿ ಒತ್ತಿದರೆ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಮುಗಿದೊಡನೆ ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡಿನ ಮೂಲಕ ಆ ಔಟ್‌ಪುಟ್ಟೇ ಆಸಿಲೇಟರನ್ನು ನಿಲ್ಲಿಸುತ್ತದೆ.

ಇನ್ನು ರಿಲೇ, ಅಂದರೆ ಕಾಯಿಲ್‌ನ ಕಾಂತಬಲದಿಂದ ನಡೆಯುವ ಸ್ವಿಚ್. ಕಾಯಿಲ್‌ಗೆ ವಿದ್ಯುತ್ ಇಲ್ಲದಾಗ ಕೂಡಿಕೊಂಡೇ ಇರುವ 'ಎನ್.ಸಿ.' ಸಂಪರ್ಕದ ಮೂಲಕವೇ ಪಂಪಿನ ಫೇಸ್ ತಂತಿಯನ್ನು ಸಾಗಿಸಬೇಕು, ಮತ್ತು ಔಟ್‌ಪುಟ್ ಕೆಳಗಿರುವ ಹತ್ತು ನಿಮಿಷ ಮಾತ್ರ ಒಂದು ಪಿಎನ್‌ಪಿ (ಇನ್‌ಪುಟ್ ಕೆಳಗಿಳಿದಾಗ ಪ್ರವಾಹ ಬಿಡುವ) ಟ್ರಾನ್ಸಿಸ್ಟರ್ ರಿಲೇಯನ್ನು ಎಳೆದು ಹಿಡಿಯುವಂತಿರಬೇಕು. ಕಾಯಿಲ್ ಆರುವಾಗ ಏಳುವ ವೋಲ್ಟೇಜಿನ ಒದೆತವನ್ನು ನುಂಗಲು ಅದಕ್ಕೆ ಅಡ್ಡಲಾಗಿ ಇನ್ನೊಂದು ಡಯೋಡ್ ಬೇಕು. 230 ವೋಲ್ಟಿನ ಭಾಗವನ್ನು ತೊಟ್ಟಿಯಿಂದ ದೂರ, ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಇರುವ ಲೈನಿನಿಂದಲೇ ವಿದ್ಯುತ್ ಕೊಡಬೇಕು. ಪಂಪಿನ ವೈರು ಸಾಕೆಟ್ಟಿಗೆ ಸೇರುವ ಮುನ್ನ ಅದಕ್ಕಿಂತ ಕೆಳಗೆ ಒಂದು ಬಾಗು ಪಡೆದಿರಲಿ. ವೈರಿನ ಮೇಲೆ ಜಾರಿಬರುವ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಜೋಡಣೆ ಮುಗಿದ ಮೇಲೆ ಗುಂಡಿ ಒತ್ತಿ ಪಂಪನ್ನು ನಿಲ್ಲಿಸಿ, ಟೈಮರಿನ 5 ವೋಲ್ಟ್ ಅಡಾಪ್ಟರನ್ನು ನಡುವೆಯೇ ಕಿತ್ತು ನೋಡಬೇಕು. ರಿಲೇ ಟಕ್ ಎಂದು ಬಿಟ್ಟುಕೊಂಡು, ಪಂಪ್ ತಾನಾಗಿ ಓಡತೊಡಗಿದರೆ ಮಾತ್ರ ಅದನ್ನು ತೊಟ್ಟಿಗೆ ಜೋಡಿಸಬಹುದು.