ಮನೆಯೊಳಗೆ ಸೊಪ್ಪು, ತರಕಾರಿ: ಶುರು ಮಾಡುವ ಮುನ್ನ ಬೆಳಕಿನ ಲೆಕ್ಕ

ಮನೆಯೊಳಗೆ ಗಿಡ ಬೆಳೆಸಲು ಹೊರಟವರು ಮೊದಲು ಕೇಳುವುದು ಎರಡೇ ಪ್ರಶ್ನೆ. ಯಾವ ಮಣ್ಣು ಹಾಕಬೇಕು? ದಿನಕ್ಕೆ ಎಷ್ಟು ಸಲ ನೀರು ಹಾಕಬೇಕು? ಎರಡೂ ಕೇಳಬೇಕಾದವೇ. ಆದರೆ ಕುಂಡ ಇಡುವ ಜಾಗದಲ್ಲಿ ಬೆಳಕು ಎಷ್ಟಿದೆ ಅಂತ ಗೊತ್ತಿಲ್ಲದೆ ಎರಡಕ್ಕೂ ಸರಿಯಾದ ಉತ್ತರ ಸಿಗುವುದಿಲ್ಲ. ಅದಕ್ಕೇ ಈ ಟಿಪ್ಪಣಿಯಲ್ಲಿ ಬೆಳಕಿನ ಮಾತು ಜಾಸ್ತಿ.

ಗಿಡ ಮಣ್ಣನ್ನು ತಿಂದು ಬೆಳೆಯುತ್ತದೆ ಎಂಬ ನಂಬಿಕೆ ತುಂಬ ಹಳೆಯದು. ಯಾನ್ ಬಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಅದನ್ನು ತೂಕ ಹಾಕಿಯೇ ನೋಡಿದ. ದೊಡ್ಡ ಕುಂಡಕ್ಕೆ 200 ಪೌಂಡ್ ಒಣ ಮಣ್ಣು ಹಾಕಿ, 5 ಪೌಂಡ್ ತೂಕದ, ವಿಲೋ ಎಂಬ ಮರದ ಸಸಿ ನೆಟ್ಟ. 5 ವರ್ಷ ಬರೀ ನೀರು ಹಾಕಿದ. ಕೊನೆಗೆ ಗಿಡ ಸುಮಾರು 169 ಪೌಂಡ್ ತೂಗಿತು. ಮಣ್ಣಿನಲ್ಲಿ ಕಡಿಮೆಯಾದದ್ದು ಬರೀ 2 ಔನ್ಸ್ (ಸುಮಾರು 57 ಗ್ರಾಂ)! ಅವನು ತೀರಿಕೊಂಡ ಮೇಲೆ, 1648ರಲ್ಲಿ ಈ ಬರಹ ಅಚ್ಚಾಯಿತು. ಗಿಡದ ತೂಕವೆಲ್ಲ ನೀರಿನಿಂದ ಬಂತು ಎಂದು ಅವನು ತೀರ್ಮಾನಿಸಿದ್ದ. ಅದು ಅರ್ಧ ಮಾತ್ರ ಸರಿ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ಸೇರಿ ಸಕ್ಕರೆಯಾಗುತ್ತವೆ, ಗಿಡದ ಮೈ ಆಗುವುದು ಬಹುಪಾಲು ಅದರಿಂದಲೇ. ಆ ಕೆಲಸಕ್ಕೆ ಬೇಕಾದ ಶಕ್ತಿ ಬೆಳಕಿನದು. ಗೊಬ್ಬರದ ಪಾಲು ಆ 2 ಔನ್ಸಿನಷ್ಟು. ಅದು ಇಲ್ಲದೆ ಆಗುವುದಿಲ್ಲ ನಿಜ, ಆದರೆ ಬೆಳಕಿಲ್ಲದ ಮೂಲೆಯಲ್ಲಿ ಗೊಬ್ಬರ ಸುರಿದರೆ ಗಿಡಕ್ಕೆ ಏನೂ ಸಿಗುವುದಿಲ್ಲ.

ಕಣ್ಣನ್ನು ನಂಬಬೇಡಿ

ಬೆಳಕಿನ ವಿಷಯದಲ್ಲಿ ನಮಗೆ ಮೋಸ ಮಾಡುವುದು ನಮ್ಮ ಕಣ್ಣೇ. ಕಡಿಮೆ ಬೆಳಕಿಗೆ ಅದು ಬೇಗ ಹೊಂದಿಕೊಂಡು ಬಿಡುತ್ತದೆ. ಹಾಗಾಗಿ ಕೋಣೆ ಬೆಳ್ಳಗೆ ಕಾಣುತ್ತದೆ. ಅಂಕಿ ನೋಡಿದರೆ ಕಥೆ ಬೇರೆ. ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ ಲಕ್ಸ್. ಮಧ್ಯಾಹ್ನದ ಬಯಲು ಬಿಸಿಲು ಸುಮಾರು 1 ಲಕ್ಷ ಲಕ್ಸ್. ರಾತ್ರಿ ದೀಪ ಹಾಕಿದ ಕೋಣೆಯಲ್ಲಿ ಇರುವುದು ಸಾಮಾನ್ಯವಾಗಿ 100ರಿಂದ 300 ಲಕ್ಸ್. ನೂರು ಪಟ್ಟಲ್ಲ, ನೂರಾರು ಪಟ್ಟು ವ್ಯತ್ಯಾಸ. ಕಿಟಕಿಗೆ ಅಂಟಿಕೊಂಡಂತೆ ಇಟ್ಟ ಕುಂಡಕ್ಕೂ ಅಲ್ಲಿಂದ ಒಂದೆರಡು ಮೀಟರ್ ಒಳಗೆ ಮೇಜಿನ ಮೇಲಿಟ್ಟ ಕುಂಡಕ್ಕೂ ಸಿಗುವ ಬೆಳಕು ಒಂದೇ ಅಂತ ನಮಗೆ ಅನ್ನಿಸುತ್ತದೆ. ಗಿಡದ ಕಡೆಯಿಂದ ನೋಡಿದರೆ ಮೇಜಿನ ಮೇಲೆ ಹೆಚ್ಚುಕಡಿಮೆ ಕತ್ತಲೆಯೇ.

ಗಿಡಕ್ಕೆ ಮುಖ್ಯವಾದದ್ದು ಒಂದು ಕ್ಷಣದ ಬೆಳಕಲ್ಲ, ಇಡೀ ದಿನದಲ್ಲಿ ಬಿದ್ದ ಒಟ್ಟು ಬೆಳಕು. ಇದನ್ನು ದಿನದ ಬೆಳಕಿನ ಮೊತ್ತ ಅಂತ ಕರೆಯೋಣ. ಒಂದು ಚದರ ಮೀಟರ್ ಜಾಗಕ್ಕೆ ದಿನಕ್ಕೆ ಎಷ್ಟು ಮೋಲ್ ಬೆಳಕಿನ ಕಣ ಬಿತ್ತು ಎಂಬುದೇ ಅದರ ಅಳತೆ. ಮೋಲ್ ಅಂದರೆ ಡಜನ್ ಇದ್ದ ಹಾಗೆ, ಕಣಗಳನ್ನು ಎಣಿಸಲು ಬಳಸುವ ಒಂದು ಬಹಳ ದೊಡ್ಡ ಸಂಖ್ಯೆ. 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕು, ಅಂದರೆ ಹೆಚ್ಚುಕಡಿಮೆ ನಮ್ಮ ಕಣ್ಣಿಗೆ ಕಾಣುವ ಬೆಳಕು ಮಾತ್ರ ಲೆಕ್ಕಕ್ಕೆ. ಸೊಪ್ಪಿಗೆ ದಿನಕ್ಕೆ ಸುಮಾರು 10ರಿಂದ 15 ಮೋಲ್ ಇದ್ದರೆ ಚೆನ್ನಾಗಿ ಬರುತ್ತದೆ. ಟೊಮೆಟೊ, ಮೆಣಸಿನಕಾಯಿಯಂಥ ಕಾಯಿ ಬಿಡುವ ಗಿಡಕ್ಕೆ 20ಕ್ಕಿಂತ ಜಾಸ್ತಿ ಬೇಕು.

ಮೊಬೈಲ್‌ನಲ್ಲಿ ಲಕ್ಸ್ ಅಳೆಯುವ ಆಪ್ ಸಿಗುತ್ತದೆ. ಪಕ್ಕಾ ಅಳತೆಯೇನಲ್ಲ, ಅಂದಾಜಿಗೆ ಸಾಕು. ಮೊಬೈಲನ್ನು ಎಲೆ ಇರುವ ಎತ್ತರದಲ್ಲಿ, ಬೆಳಕಿನ ಕಡೆ ಮುಖ ಮಾಡಿ ಹಿಡಿಯಿರಿ. ಬಿಳಿ ಎಲ್‌ಇಡಿ ಬೆಳಕಾದರೆ ಬಂದ ಅಂಕಿಯನ್ನು ಸುಮಾರು 70ರಿಂದ, ಬಿಸಿಲಾದರೆ 54ರಿಂದ ಭಾಗಿಸಿ. ಒಂದು ಸೆಕೆಂಡಿಗೆ ಒಂದು ಚದರ ಮೀಟರ್ ಮೇಲೆ ಎಷ್ಟು ಮೈಕ್ರೋಮೋಲ್ (ಮೋಲ್‌ನ ಹತ್ತು ಲಕ್ಷದ ಒಂದು ಭಾಗ) ಬೀಳುತ್ತದೆ ಅಂತ ಬರುತ್ತದೆ. ಅದನ್ನು ಬೆಳಕು ಬೀಳುವ ಗಂಟೆಗಳಿಂದ ಗುಣಿಸಿ, ಮತ್ತೆ 0.0036ರಿಂದ ಗುಣಿಸಿದರೆ ದಿನದ ಮೊತ್ತ.

ಮಾಡಿ ನೋಡೋಣ. ಕೋಣೆಯ ದೀಪ 300 ಲಕ್ಸ್, 14 ಗಂಟೆ ಉರಿಯಿತು ಅಂದುಕೊಳ್ಳಿ. 300 ಭಾಗಿಸು 70, ಸುಮಾರು 4.3. ಅದಕ್ಕೆ 14, ಮತ್ತೆ 0.0036. ಬಂದದ್ದು 0.2 ಮೋಲ್. ಈಗ ಗಿಡದ ತಲೆಯ ಹತ್ತಿರವೇ ತೂಗುಹಾಕಿದ ದೀಪ, ಎಲೆಯ ಮೇಲೆ 14,000 ಲಕ್ಸ್, ಅದೇ 14 ಗಂಟೆ. 14,000 ಭಾಗಿಸು 70, ಅದು 200. 200 ಗುಣಿಸು 14 ಗುಣಿಸು 0.0036, ಅಂದರೆ 10 ಮೋಲ್. ಇನ್ನು ಕಿಟಕಿ. ಗಾಜಿನ ಮೂಲಕ 40,000 ಲಕ್ಸ್ ನೇರ ಬಿಸಿಲು 4 ಗಂಟೆ ಬಿದ್ದರೂ ಸುಮಾರು 10.7 ಮೋಲ್ ಆಗುತ್ತದೆ. ಹಾಗಾದರೆ ಸೊಪ್ಪಿಗೆ ದೀಪವೇ ಬೇಕೆಂದಿಲ್ಲ, ದಿನಾ ನಾಲ್ಕು ಗಂಟೆ ನೇರ ಬಿಸಿಲು ಬೀಳುವ ಕಿಟಕಿ ಇದ್ದರೆ ಆಯಿತು. ನೇರ ಬಿಸಿಲು ಬೀಳದ ಕಿಟಕಿ ಮಾತ್ರ ಇದ್ದರೆ ದೀಪ ಬೇಕೇ ಬೇಕು. ನಡುವೆ ಇರುವವರು ಆಪ್ ತೆಗೆದು ಗುಣಾಕಾರ ಮಾಡಬೇಕು, ಬೇರೆ ದಾರಿಯಿಲ್ಲ.

ಅಳೆಯಲು ಬೇಸರವಾದರೆ ಗಿಡವನ್ನೇ ನೋಡಿ. ಮೊಳಕೆ ತೆಳ್ಳಗೆ ಉದ್ದಕ್ಕೆ ಏರಿ, ಎಲೆಗಳ ನಡುವಿನ ಅಂತರ ಜಾಸ್ತಿಯಾಗಿ, ಕೊನೆಗೆ ಬಗ್ಗಿ ಬಿದ್ದರೆ ಅದು ಬೆಳಕು ಹುಡುಕಿಕೊಂಡು ಹೋಗುತ್ತಿದೆ ಅಂತ ಅರ್ಥ. ‘ಎಷ್ಟು ಬೇಗ ಬೆಳೀತಿದೆ ನೋಡಿ’ ಅಂತ ಖುಷಿಪಡುವವರು ಇದ್ದಾರೆ! ಹೀಗೆ ಎಳೆದುಕೊಂಡ ಕಾಂಡ ಮತ್ತೆ ಗಿಡ್ಡ ಆಗುವುದಿಲ್ಲ. ಇನ್ನು ಗಿಡ ಒಂದೇ ಪಕ್ಕಕ್ಕೆ ವಾಲುವುದು ಬೇರೆ ವಿಷಯ. ನೆರಳಿನ ಬದಿಗೆ ಆಕ್ಸಿನ್ ಎಂಬ ಹಾರ್ಮೋನು ಜಾಸ್ತಿ ಸೇರಿ ಆ ಬದಿಯ ಕೋಶಗಳು ಉದ್ದವಾಗುತ್ತವೆ, ಗಿಡ ಬೆಳಕಿನ ಕಡೆ ಬಾಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಕುಂಡ ತಿರುಗಿಸಿದರೆ ಸಾಕು.

ದೀಪ ಕೊಳ್ಳುವುದಾದರೆ

ನೇರಳೆ ಬಣ್ಣದ ದೀಪವೇ ಬೇಕು ಎಂಬ ಮಾತು ಇನ್ನೂ ಓಡಾಡುತ್ತಿದೆ. ಬೇಡ. ಎಲೆ ಕೆಂಪು, ನೀಲಿ ಬೆಳಕನ್ನು ಜಾಸ್ತಿ ಹೀರುತ್ತದೆ ನಿಜ, ಆದರೆ ಹಸಿರು ಬೆಳಕೂ ಕೆಲಸಕ್ಕೆ ಬರುತ್ತದೆ. ಅದು ಎಲೆಯ ಒಳಪದರಕ್ಕೂ ಕೆಳಗಿನ ಎಲೆಗಳಿಗೂ ಇಳಿಯುತ್ತದೆ. ಬಿಳಿ ಎಲ್‌ಇಡಿಯಲ್ಲಿ ಎಲ್ಲ ಬಣ್ಣವೂ ಇದೆ. ಇನ್ನೊಂದು ಲಾಭ, ಎಲೆ ಹಳದಿಯಾದರೆ ಬಿಳಿ ಬೆಳಕಿನಲ್ಲಿ ಕಾಣುತ್ತದೆ. ನೇರಳೆ ಬೆಳಕಿನಲ್ಲಿ ಎಲ್ಲ ಗಿಡವೂ ಕಪ್ಪಗೆ ಒಂದೇ ಥರ.

ಪೆಟ್ಟಿಗೆಯ ಮೇಲೆ ‘100 ವ್ಯಾಟಿಗೆ ಸಮ’ ಅಂತ ದೊಡ್ಡದಾಗಿ ಬರೆದಿರುತ್ತದೆ. ಅದನ್ನು ಬಿಡಿ, ನಿಜವಾಗಿ ಎಷ್ಟು ವ್ಯಾಟ್ ಎಳೆಯುತ್ತದೆ ಅಂತ ಹುಡುಕಿ. ಸೊಪ್ಪಿಗೆ ಒಂದು ಚದರ ಅಡಿಗೆ 15ರಿಂದ 20 ವ್ಯಾಟ್ ಎಂದು ಲೆಕ್ಕ ಇಟ್ಟುಕೊಳ್ಳಬಹುದು. ದೀಪ ಎಲೆಯಿಂದ 15ರಿಂದ 30 ಸೆಂಟಿಮೀಟರ್ ದೂರದಲ್ಲಿರಲಿ. ಒಂದೇ ಬಲ್ಬಾದರೆ ದೂರ ಎರಡು ಪಟ್ಟಾದಾಗ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಉದ್ದನೆಯ ಟ್ಯೂಬ್ ಅಥವಾ ಅಗಲದ ಪ್ಯಾನೆಲ್ ಆದರೆ ಅಷ್ಟು ಬೇಗ ಇಳಿಯುವುದಿಲ್ಲ. 14ರಿಂದ 16 ಗಂಟೆ ಉರಿಸಿ, ಉಳಿದ ಹೊತ್ತು ಕತ್ತಲೆ ಇರಲಿ. ಟೈಮರ್ ಹಾಕಿಬಿಟ್ಟರೆ ನೆನಪಿಟ್ಟುಕೊಳ್ಳುವ ಕೆಲಸವೇ ಇಲ್ಲ.

ನೀರು

ಮನೆಯೊಳಗಿನ ಗಿಡಗಳು ಒಣಗಿ ಸಾಯುವುದಕ್ಕಿಂತ ಕೊಳೆತು ಸಾಯುವುದೇ ಜಾಸ್ತಿ. ಇದಕ್ಕೂ ಬೆಳಕಿಗೂ ನೇರ ನಂಟಿದೆ. ಬೆಳಕು ಕಡಿಮೆ ಇದ್ದರೆ ಎಲೆಯಿಂದ ನೀರು ಆವಿಯಾಗುವುದು ಕಡಿಮೆ, ಬೇರು ಕುಡಿಯುವುದೂ ಕಡಿಮೆ. ಬಿಸಿಲಿನಲ್ಲಿರುವ ಗಿಡಕ್ಕೆ ಹಾಕಿದಷ್ಟೇ ನೀರನ್ನು ನೆರಳಿನ ಗಿಡಕ್ಕೆ ಹಾಕಿದರೆ ಮಣ್ಣಿನ ಸಂದುಗಳಲ್ಲಿ ಗಾಳಿ ಇರಬೇಕಾದ ಜಾಗದಲ್ಲೆಲ್ಲ ನೀರು ನಿಲ್ಲುತ್ತದೆ. ಬೇರಿಗೂ ಉಸಿರಾಡಲು ಆಕ್ಸಿಜನ್ ಬೇಕಲ್ವಾ? ಅದು ಸಿಗದೆ ಬೇರು ಸಾಯುತ್ತದೆ, ನೀರು ಎಳೆಯುವುದು ನಿಲ್ಲುತ್ತದೆ, ಎಲೆ ಬಾಡುತ್ತದೆ. ಬಾಡಿದೆ ಅಂತ ಇನ್ನಷ್ಟು ನೀರು ಹಾಕುತ್ತೇವೆ. ಅಲ್ಲಿಗೆ ಮುಗಿಯಿತು.

ಆದ್ದರಿಂದ ‘ದಿನಕ್ಕೆ ಒಂದು ಲೋಟ’ ಎಂಬ ಲೆಕ್ಕ ಬೇಡ. ಬೆರಳನ್ನು 2–3 ಸೆಂಟಿಮೀಟರ್ ಒಳಗೆ ಇಳಿಸಿ ನೋಡಿ, ಒಣಗಿದ್ದರೆ ಹಾಕಿ. ಅಥವಾ ಕುಂಡ ಎತ್ತಿ ನೋಡಿ. ನೀರು ಹಾಕಿದ ತಕ್ಷಣದ ತೂಕವೂ ಒಣಗಿದಾಗಿನ ತೂಕವೂ ಕೈಗೆ ಗೊತ್ತಾಗಿಬಿಟ್ಟರೆ ಬೆರಳೂ ಬೇಡ. ಹಾಕುವಾಗ ಮಾತ್ರ ಕೆಳಗಿನ ತೂತಿನಿಂದ ಹೊರಬರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಕುಂಡಕ್ಕೆ ತೂತಿರಲೇಬೇಕು ಅಂತ ಬೇರೆ ಹೇಳಬೇಕಿಲ್ಲ.

ಕುಂಡದ ತಳಕ್ಕೆ ಕಲ್ಲು ಹಾಕಿದರೆ ನೀರು ಚೆನ್ನಾಗಿ ಇಳಿಯುತ್ತದೆ ಎಂಬುದು ಎಲ್ಲರೂ ಹೇಳುವ ಮಾತು. ಆಗುವುದು ಉಲ್ಟಾ. ಸಣ್ಣ ಕಣಗಳ ನಡುವೆ ಹಿಡಿದಿಟ್ಟ ನೀರು, ಕೆಳಗೆ ದೊಡ್ಡ ಸಂದುಗಳಿರುವ ಕಲ್ಲಿನ ಪದರಕ್ಕೆ ಸುಲಭಕ್ಕೆ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ತುಂಬಿದ ಮೇಲಷ್ಟೇ ತೊಟ್ಟಿಕ್ಕುತ್ತದೆ. ಹಾಗಾಗಿ ಒದ್ದೆ ಪದರ ಕಲ್ಲಿನಷ್ಟು ಎತ್ತರಕ್ಕೆ, ಬೇರಿನ ಹತ್ತಿರಕ್ಕೇ ಏರುತ್ತದೆ. ಇದನ್ನು ಅಡುಗೆಮನೆಯ ಸ್ಪಾಂಜ್‌ನಲ್ಲಿ ನೋಡಬಹುದು. ಅದನ್ನು ಪೂರ್ತಿ ನೆನೆಸಿ, ಅಡ್ಡ ಮಲಗಿಸಿ ಹಿಡಿಯಿರಿ. ಸ್ವಲ್ಪ ನೀರು ಸುರಿದು ನಿಲ್ಲುತ್ತದೆ. ಈಗ ಅದನ್ನೇ ನೆಟ್ಟಗೆ ನಿಲ್ಲಿಸಿ ಹಿಡಿಯಿರಿ, ಹಿಂಡದೆಯೇ ಮತ್ತಷ್ಟು ನೀರು ಸುರಿಯುತ್ತದೆ. ಮಣ್ಣಿನ ಪದರ ಎತ್ತರ ಇದ್ದಷ್ಟೂ ಮೇಲ್ಭಾಗ ಚೆನ್ನಾಗಿ ಬಸಿಯುತ್ತದೆ. ಕಲ್ಲು ಹಾಕಿದರೆ ಆ ಎತ್ತರವೇ ಕಡಿಮೆಯಾಯಿತು.

ಮಣ್ಣು, ಗೊಬ್ಬರ

ಹೊರಗಿನ ತೋಟದ ಮಣ್ಣು ಕುಂಡದಲ್ಲಿ ಗಟ್ಟಿಯಾಗಿ ಕೂರುತ್ತದೆ, ಜೊತೆಗೆ ಹುಳುವೂ ಬರುತ್ತದೆ. ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಚೆನ್ನಾಗಿ ಕಳಿತ ಕಾಂಪೋಸ್ಟ್, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಮೂರನ್ನೂ ಸುಮಾರು ಸಮವಾಗಿ ಬೆರೆಸಿದರೆ ಹೆಚ್ಚಿನ ಸೊಪ್ಪಿಗೆ ಆಗುತ್ತದೆ. ಕೊಕೊಪೀಟ್‌ನಲ್ಲಿ ಉಪ್ಪಿನಂಶ ಇರಬಹುದು, ಎರಡು ಮೂರು ಸಲ ನೀರಲ್ಲಿ ತೊಳೆದು ಬಳಸಿ. ಅದರಲ್ಲಿ ಪೋಷಕಾಂಶ ಇಲ್ಲವೆನ್ನುವಷ್ಟು ಕಡಿಮೆ ಎಂಬುದೂ ನೆನಪಿರಲಿ.

ಒಂದು ತಿಂಗಳಾದ ಮೇಲೆ ಎರಡು ವಾರಕ್ಕೊಮ್ಮೆ ದ್ರವ ಗೊಬ್ಬರವನ್ನು ಬಾಟಲಿಯ ಮೇಲೆ ಹೇಳಿದ್ದರ ಅರ್ಧ ಪ್ರಮಾಣದಲ್ಲಿ ಕೊಡಿ. ಕೊರತೆ ಯಾವುದು ಅಂತ ಗುರುತಿಸಲು ಒಂದು ಸುಳಿವು: ಹಳದಿ ಬಣ್ಣ ಎಲ್ಲಿಂದ ಶುರುವಾಯಿತು? ನೈಟ್ರೋಜನ್ ಕಡಿಮೆಯಾದರೆ ಗಿಡ ಅದನ್ನು ಹಳೆ ಎಲೆಯಿಂದ ಕಿತ್ತು ಚಿಗುರಿಗೆ ಸಾಗಿಸುತ್ತದೆ, ಕೆಳಗಿನ ಎಲೆ ಮೊದಲು ಹಳದಿ. ಕಬ್ಬಿಣ ಹಾಗೆ ಓಡಾಡುವುದಿಲ್ಲ. ಅದು ಕಡಿಮೆಯಾದರೆ ಚಿಗುರು ಹಳದಿ, ನರ ಮಾತ್ರ ಹಸಿರು. ಲೆಟಿಸ್ ಎಂಬ ಸಲಾಡ್ ಸೊಪ್ಪಿನ ಒಳ ಎಲೆಯ ಅಂಚು ಸುಟ್ಟಂತಾದರೆ ಕ್ಯಾಲ್ಸಿಯಂ ಅಲ್ಲಿಗೆ ತಲುಪಿಲ್ಲ. ಅದಕ್ಕೆ ಗೊಬ್ಬರಕ್ಕಿಂತ ಮೊದಲು ಒಂದು ಪುಟ್ಟ ಫ್ಯಾನ್ ಇಟ್ಟು ನೋಡಿ. ಗಾಳಿಯಾಡಿದರೆ ಎಲೆಯಿಂದ ನೀರು ಆವಿಯಾಗುತ್ತದೆ, ನೀರಿನ ಜೊತೆ ಕ್ಯಾಲ್ಸಿಯಂ ಏರುತ್ತದೆ.

ಯಾವುದರಿಂದ ಶುರು?

ಮೊದಲ ಗಿಡಕ್ಕೆ ಪುದೀನ ಹಾಕಿ ಎಂಬುದು ನನ್ನ ಸಲಹೆ. ಬೀಜದ ಗೋಜೇ ಬೇಡ. 10 ಸೆಂಟಿಮೀಟರ್ ಕಡ್ಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳ ಎಲೆ ತೆಗೆದು ನೀರಲ್ಲಿಟ್ಟರೆ ಒಂದೆರಡು ವಾರಕ್ಕೆ ಬೇರು ಬರುತ್ತದೆ. ಅದನ್ನು ಒಂಟಿ ಕುಂಡದಲ್ಲೇ ನೆಡಿ, ಜೊತೆಗಾರರಿದ್ದರೆ ನುಂಗಿಬಿಡುತ್ತದೆ.

ಕೊತ್ತಂಬರಿ ಸುಲಭ ಅಂತ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ನಾವು ಬೀಜ ಅನ್ನುವ ಆ ಗುಂಡು ನಿಜವಾಗಿ ಒಂದು ಹಣ್ಣು, ಒಳಗೆ ಎರಡು ಬೀಜ. ಮೆಲ್ಲಗೆ ಒತ್ತಿ ಹೋಳು ಮಾಡಿ ಬಿತ್ತಬೇಕು, ಪುಡಿಯಾಗಬಾರದು. ತಾಯಿಬೇರು ಇರುವುದರಿಂದ ಕಿತ್ತು ನೆಟ್ಟರೆ ಸಿಟ್ಟಾಗುತ್ತದೆ, ಬೆಳೆಯುವ ಕುಂಡದಲ್ಲೇ ಬಿತ್ತಿ. ಸೆಕೆ ಮತ್ತು ಉದ್ದ ಹಗಲು ಎರಡೂ ಸೇರಿದರೆ ಬೇಗ ಹೂ ಬಿಟ್ಟು ಎಲೆ ಕೊಡುವುದನ್ನೇ ನಿಲ್ಲಿಸುತ್ತದೆ. ಎರಡು ಮೂರು ವಾರಕ್ಕೊಮ್ಮೆ ಹೊಸದಾಗಿ ಬಿತ್ತುತ್ತಿರುವುದೇ ದಾರಿ.

ಕಾಮಕಸ್ತೂರಿ, ಅಂದರೆ ಬೇಸಿಲ್, ಕತ್ತರಿಸಿದಷ್ಟೂ ಪೊದೆಯಾಗುತ್ತದೆ. ತುದಿ ಚಿಗುರು ಇರುವವರೆಗೆ ಅದರ ಆಕ್ಸಿನ್ ಕೆಳಗಿನ ಮೊಗ್ಗುಗಳನ್ನು ಅದುಮಿಟ್ಟಿರುತ್ತದೆ. ಮೂರು ಜೋಡಿ ಎಲೆ ಬಂದ ಮೇಲೆ ಒಂದು ಜೋಡಿಯ ಸ್ವಲ್ಪ ಮೇಲಕ್ಕೆ ತುದಿ ಚಿವುಟಿ. ಎಲೆಯ ಬುಡದಿಂದ ಎರಡು ಕವಲು ಬರುತ್ತವೆ. ಬರೀ ದೊಡ್ಡ ಎಲೆಗಳನ್ನು ಕೆಳಗಿನಿಂದ ಕೀಳುತ್ತಾ ಹೋದರೆ ಕೊನೆಗೆ ಉಳಿಯುವುದು ಬೋಳು ಕಡ್ಡಿ. ಅಂಗಡಿಯ ಬೇಸಿಲ್ ಕುಂಡದಲ್ಲಿ ಹತ್ತಾರು ಸಸಿ ಒತ್ತೊತ್ತಾಗಿ ಇರುತ್ತವೆ. ತಂದ ದಿನವೇ ಬಿಡಿಸಿ ಮೂರು ನಾಲ್ಕು ಕುಂಡಕ್ಕೆ ಹಂಚಿದರೆ ಬದುಕುತ್ತವೆ.

ಲೆಟಿಸ್ ಬೀಜ ಸೆಕೆಯಲ್ಲಿ, 27–30 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಮೊಳೆಯಲು ಹಟ ಮಾಡುತ್ತದೆ. ಹಲವು ತಳಿಗಳಿಗೆ ಮೊಳೆಯಲು ಬೆಳಕೂ ಬೇಕು, ಆಳಕ್ಕೆ ಮುಚ್ಚಬೇಡಿ.

ಬೆಳಕೂ ಇಲ್ಲ, ತಾಳ್ಮೆಯೂ ಇಲ್ಲ ಅನ್ನುವವರಿಗೆ ಮೈಕ್ರೋಗ್ರೀನ್ಸ್ ಇದೆ. ಮೂಲಂಗಿ, ಸಾಸಿವೆಯಂಥ ಬೀಜವನ್ನು ಒತ್ತಾಗಿ ಬಿತ್ತಿ 7ರಿಂದ 14 ದಿನಕ್ಕೆ ಕೊಯ್ಯುವುದು. ಬೀಜದಲ್ಲಿ ಕೂಡಿಟ್ಟ ಆಹಾರವೇ ಅರ್ಧ ಕೆಲಸ ಮಾಡುವುದರಿಂದ ಕಡಿಮೆ ಬೆಳಕಲ್ಲೂ ಆಗುತ್ತದೆ. ರಾಸಾಯನಿಕ ಲೇಪಿಸಿದ ಬಿತ್ತನೆ ಬೀಜ ಮಾತ್ರ ಬೇಡ. ಟೊಮೆಟೊ, ಬದನೆ, ಮೆಣಸಿನ ಸಸಿಗಳನ್ನೂ ಹೀಗೆ ತಿನ್ನಬಾರದು, ಅವುಗಳ ಎಲೆಯಲ್ಲಿ ವಿಷದ ಅಂಶ ಇರಬಹುದು.

ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣ ಹಾರಾಡತೊಡಗಿದರೆ ಅವು ಫಂಗಸ್ ನೊಣ. ಮೊಟ್ಟೆ ಇಡುವುದು ಒದ್ದೆ ಮೇಲ್ಮಣ್ಣಿನಲ್ಲಿ. ಮೇಲ್ಪದರ ಒಣಗಲು ಬಿಡಿ, ಹಳದಿ ಅಂಟು ಹಾಳೆ ನಿಲ್ಲಿಸಿ.

ಕಡೆಯದಾಗಿ ಟೊಮೆಟೊ. 20 ಮೋಲ್ ಬೆಳಕು ಕೊಡಲು ಆಗುತ್ತದೆ ಅಂತ ಲೆಕ್ಕ ಹಾಕಿ ಖಾತ್ರಿಯಾದ ಮೇಲೆ ಕುಳ್ಳ ತಳಿ ತನ್ನಿ. 1989ರಲ್ಲಿ ಫ್ಲಾರಿಡಾದಲ್ಲಿ ಹೊರಬಂದ ಮೈಕ್ರೋ-ಟಾಮ್ ಒಂದು ಗೇಣು ದಾಟುವುದೇ ಅಪರೂಪ. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇವೆ, ಆದರೆ ಪರಾಗ ಒಂದು ಕೊಳವೆಯೊಳಗೆ ಇರುತ್ತದೆ. ಹೊರಗಾದರೆ ಗಾಳಿ, ದುಂಬಿ ಅಲುಗಾಡಿಸಿ ಉದುರಿಸುತ್ತವೆ. ಮನೆಯೊಳಗೆ ಆ ಕೆಲಸ ನಿಮ್ಮದು. ಹೂ ಪೂರ್ತಿ ಅರಳಿ ಎಸಳು ಹಿಂದಕ್ಕೆ ಬಾಗಿದಾಗ, ಎಲೆಕ್ಟ್ರಿಕ್ ಹಲ್ಲುಜ್ಜುವ ಬ್ರಷ್ಷನ್ನು ಹೂವಿನ ತೊಟ್ಟಿಗೆ ಒಂದೆರಡು ಸೆಕೆಂಡ್ ತಾಗಿಸಿ. ಕೆಳಗೆ ಕಪ್ಪು ಕಾಗದ ಹಿಡಿದರೆ ಹಳದಿ ಪುಡಿ ಬೀಳುವುದು ಕಾಣುತ್ತದೆ. ಹೂ ಅರಳುವ ದಿನಗಳಲ್ಲಿ ದಿನಕ್ಕೊಮ್ಮೆ ಮಾಡಿ. ಬ್ರಷ್ ಇಲ್ಲದಿದ್ದರೆ ಬೆರಳಿನಿಂದ ಗೊಂಚಲನ್ನು ತಟ್ಟಿದರೂ ಆಗುತ್ತದೆ.